ಏಳನೇ ಅಧ್ಯಾಯ ಓದಿ ಕಟ್ಟಿದ ಹಾಡು

ಬೈಂದೂರಿನಿಂದ ಬ್ರಹ್ಮಾವರದವರೆಗಿನ ಹೆದ್ದಾರಿಯಲ್ಲಿ ಮೊದಲ ರಾಕ್ ಬ್ಯಾಂಡ್ ಕಟ್ಟಿದವರು ನಾವು ಎಂದು ನಾನು ಬಹಳ ಕಡೆ ಹೇಳಿಕೊಂಡು ತಿರುಗಿದ್ದೇನೆ. ಈವರೆಗೆ ಯಾರೂ ತಕರಾರು ಎತ್ತಿಲ್ಲ, ಆ ಪಟ್ಟಕ್ಕೆ ಬೇರೆ ಯಾರೂ ಅರ್ಜಿಯೇ ಹಾಕಿರಲಿಲ್ಲ. ನಾವು ನಾಲ್ವರಿದ್ದೆವು. ಹಾಡುವವನು ತಲ್ಲೂರಿನ ಹತ್ತಿರದ ಮೀನುಗಾರರ ಮನೆಯವ, ಕುಂದಾಪುರದ ಕಾಲೇಜಿನಲ್ಲಿ ನನ್ನ ಬೆಂಚಿನ ಗೆಳೆಯ. ಡ್ರಮ್ಸ್ ಬಾರಿಸುವವನು ಸಾಲಿಗ್ರಾಮದವ, ಚಂಡೆ ಕಲಿಯಲು ಹೋಗಿ ಗುರುಗಳಿಂದ ಬೈಸಿಕೊಂಡು ನಮ್ಮಲ್ಲಿಗೆ ಬಂದಿದ್ದ. ಕೀಬೋರ್ಡಿಗೆ ಬ್ರಹ್ಮಾವರದ ಒಬ್ಬ. ಅವನು ಚರ್ಚಿನಲ್ಲಿ ನುಡಿಸುತ್ತಿದ್ದುದರಿಂದ ಭಾನುವಾರ ಬೆಳಿಗ್ಗೆ ಸಿಗುತ್ತಿರಲಿಲ್ಲ. ಗಿಟಾರ್ ಮತ್ತು ಸಾಹಿತ್ಯ ನನ್ನದು. ಗಿಟಾರಿನಲ್ಲಿ ನನಗೆ ನಾಲ್ಕು ಕಾರ್ಡ್ ಬರುತ್ತಿದ್ದವು, ಸಾಹಿತ್ಯದಲ್ಲಿ ಅಷ್ಟೂ ಇರಲಿಲ್ಲ.

ಆದರೆ ನಮ್ಮ ಹತ್ತಿರ ಪುಸ್ತಕ ಇತ್ತು. ಅಪ್ಪಯ್ಯ ಮೂವತ್ತು ವರ್ಷ ಮುಂಬಯಿಯಲ್ಲಿ ಹೋಟೆಲು ನಡೆಸಿ, ಅದನ್ನು ನನ್ನ ಅಣ್ಣನಿಗೆ ಒಪ್ಪಿಸಿ, ಬಿಜೂರಿನ ಗದ್ದೆಗೆ ಮರಳಿದ್ದರು. ಹೋಟೆಲಿನ ಮಾಳಿಗೆಯ ಕೋಣೆಯಲ್ಲಿ ಯಾರೋ ಪರದೇಶದ ಹುಡುಗ ಬಿಟ್ಟುಹೋದ ದಪ್ಪ ಇಂಗ್ಲಿಷ್ ಪುಸ್ತಕವನ್ನು ಅಣ್ಣ ೧೯೯೮ರಲ್ಲಿ ಊರಿಗೆ ಬರುವಾಗ ತಂದುಕೊಟ್ಟ. ಅದೊಂದು ರಾಕ್ ಬ್ಯಾಂಡಿನ ಜೀವನಚರಿತ್ರೆ. ಯಾವ ಬ್ಯಾಂಡು ಎಂದು ಹೇಳುವುದಿಲ್ಲ, ಹೇಳಿದರೆ ಅದರ ಅಭಿಮಾನಿಗಳು ನನ್ನನ್ನು ಹುಡುಕಿಕೊಂಡು ಬಂದಾರು. ನಾಲ್ವರು ಬಡ ಹುಡುಗರು ಒಂದು ಗೋದಾಮಿನಲ್ಲಿ ಸೇರಿ, ಹಾಡು ಕಟ್ಟಿ, ಜಗಳವಾಡಿ, ಜಗತ್ತು ಗೆದ್ದು, ಮತ್ತೆ ಜಗಳವಾಡಿದ ಕಥೆ ಅದರಲ್ಲಿತ್ತು. ನಾನು ನಿಘಂಟು ಹಿಡಿದು ಓದಿ, ಪ್ರತಿ ಅಧ್ಯಾಯದ ಸಾರಾಂಶವನ್ನು ಉಳಿದ ಮೂವರಿಗೆ ಹೇಳುತ್ತಿದ್ದೆ. ಒಂದೇ ಒಂದು ತೊಡಕು ಎಂದರೆ ನಾವು ಯಾರೂ ಆ ಬ್ಯಾಂಡಿನ ಒಂದು ಹಾಡನ್ನೂ ಕೇಳಿರಲಿಲ್ಲ. ಕುಂದಾಪುರದ ಯಾವ ಅಂಗಡಿಯಲ್ಲೂ ಅವರ ಕ್ಯಾಸೆಟ್ ಇರಲಿಲ್ಲ. ಈಜು ಕಲಿಸುವ ಪುಸ್ತಕ ಓದಿ ಹೊಳೆಗೆ ಹಾರಿದವರ ಹಾಗೆ ನಾವು ರಾಕ್ ಸಂಗೀತಕ್ಕೆ ಇಳಿದೆವು.

ಹಾಡು ಕಟ್ಟುವ ಬಗ್ಗೆ ಅದರಲ್ಲಿ ನಿಜಕ್ಕೂ ಒಳ್ಳೆಯ ಮಾತುಗಳಿದ್ದವು. ಮೊದಲು ಮಾತು ಬರೆಯಬೇಡಿ, ಬಾಯಿಗೆ ಬಂದದ್ದನ್ನು ಗುನುಗುತ್ತಿರಿ, ರಾಗ ಕೂತ ಮೇಲೆ ಮಾತು ತಾನಾಗಿ ಬರುತ್ತದೆ ಎಂದು ಆ ಬ್ಯಾಂಡಿನವರು ಹೇಳಿದ್ದರು. ನಾವು ಮನೆಯ ತೆಂಗಿನಕಾಯಿ ರಾಶಿ ಹಾಕುವ ಕೋಣೆಯಲ್ಲಿ ಕೂತು ಮೂರು ವಾರ ಗುನುಗಿದೆವು. ಮಾತು ಬರಲಿಲ್ಲ, ನನ್ನ ಅಮ್ಮ ಬಂದರು.

"ಯಾರಿಗ್ ಹಲ್ ನೋವ್? ಲವಂಗ ಕೊಡ್ಕಾ?" ಎಂದು ಬಾಗಿಲಲ್ಲಿ ನಿಂತು ಕೇಳಿದರು.

ಜಗಳವಾಡದ ಬ್ಯಾಂಡಿನಿಂದ ದೊಡ್ಡ ಹಾಡು ಹುಟ್ಟುವುದಿಲ್ಲ ಎಂದೂ ಬರೆದಿತ್ತು. ಸರಿ, ಬುಧವಾರ ಅಭ್ಯಾಸದ ನಂತರ ಜಗಳ ಎಂದು ನಾನು ನಿಗದಿ ಮಾಡಿದೆ. ಬುಧವಾರ ಬಂತು, ನಾನು ಡ್ರಮ್ಸಿನವನ ಮೇಲೆ ಎಗರಿದೆ. ಅವನು ಕೋಲು ಕೆಳಗಿಟ್ಟು, "ಎಂತಕೆ ಮಾರಾಯ ಬೊಬ್ಬೆ? ಚಾ ತಣಿತ್ ಕಾಣ್" ಎಂದ. ನಮ್ಮ ಜಗಳ ಅಲ್ಲಿಗೆ ಮುಗಿಯಿತು.

ನಿಮ್ಮ ಬೀದಿಯ ಮಾತಿನಲ್ಲೇ ಬರೆಯಿರಿ ಎನ್ನುವ ವಾಕ್ಯವೂ ಇತ್ತು. ಅದಕ್ಕೆ ನಾನು ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದೆ. ಆಮೇಲೆ 'ಹೃದಯಾಂತರಾಳದ ನೀರವ ನಿನಾದ' ಎಂದು ಬರೆಯಲು ಕೂತೆ. ಆ ಉಪದೇಶ ಪರದೇಶದವರಿಗೆ, ಅವರ ಬೀದಿಯ ಮಾತಿಗೆ ಮರ್ಯಾದೆ ಇರಬಹುದು, 'ಬತ್ತೆ', 'ಹೋತೆ' ಎಂದು ರಾಕ್ ಹಾಡು ಬರೆಯಲಾಗುತ್ತದೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಇಷ್ಟೆಲ್ಲ ನನಗೆ ಆಟ. ಅಪ್ಪಯ್ಯನ ಗದ್ದೆ, ಅಣ್ಣನ ಹೋಟೆಲು ಎರಡೂ ನನಗಾಗಿ ಕಾದಿದ್ದವು. ಹಾಡುವ ಗೆಳೆಯನದು ಹಾಗಲ್ಲ. ಅವನ ಅಪ್ಪ ಎರಡು ವರ್ಷದ ಹಿಂದೆ ಕಾಮಾಲೆಯಿಂದ ತೀರಿಕೊಂಡಿದ್ದರು. ಅವನ ಅಬ್ಬಿ, ಅಂದರೆ ತಾಯಿ, ಬುಟ್ಟಿ ಹೊತ್ತು ಮೀನು ಮಾರಿ ಮನೆ ನಡೆಸುತ್ತಿದ್ದರು. ಡಿಗ್ರಿ ಮುಗಿದ ಕೂಡಲೇ ಮಾವನ ಬೋಟಿಗೆ ಹೋಗಬೇಕಾಗಿದ್ದ ಅವನು, ತನಗೆ ಹಾಡುವುದೇ ಕೆಲಸ ಬೇಕೆಂದು ತಾಯಿಯ ಹತ್ತಿರ ಬೇಡಿಕೊಂಡಿದ್ದ. ಆಕೆ ಬೈಯಲಿಲ್ಲ. ಮಳೆಗಾಲದಲ್ಲಿ ಹೇಗೂ ಬೋಟುಗಳೆಲ್ಲ ದಡದಲ್ಲಿರುತ್ತವೆ.

"ಬೋಟ್ ನೀರಿಗ್ ಇಳೂವರೆಗೆ ಹಾಡ್ ಮಗಾ. ಅಷ್ಟ್ರೊಳ್ಗೆ ಯಾರಾರೂ ಕರ್ದ್ ಕೆಲ್ಸ ಕೊಟ್ರೆ ಹಾಡ್ಕಂಡೇ ಇರ್. ಇಲ್ದಿರೆ ಮಾವನ ಒಟ್ಟಿಗ್ ಹೋಯ್ಕ್" ಎಂದಿದ್ದರು.

ಹಾಗಾಗಿ ೧೯೯೯ರ ಆ ಮಳೆಗಾಲ ಅವನ ಪಾಲಿಗೆ ಪರೀಕ್ಷೆ. ಅವನ ಕಂಠ ನಿಜಕ್ಕೂ ಚೆನ್ನಾಗಿತ್ತು. ಅವನಿಗೆ ಬೇಕಾಗಿದ್ದದ್ದು ಒಂದು ಸ್ವಂತ ಹಾಡು, ಕೇಳಿದವರು ಇವನ್ಯಾರು ಎಂದು ತಿರುಗಿ ನೋಡುವಂಥ ಹಾಡು. ಅದನ್ನು ಬರೆದುಕೊಡುವ ಹೊಣೆ ನಾನು ಹೊತ್ತೆ, ಯಾರೂ ಹೊರಿಸಿರಲಿಲ್ಲ.

ಆಗ ನಾನು ಏಳನೇ ಅಧ್ಯಾಯ ಓದಿದೆ. ಆ ಬ್ಯಾಂಡಿನ ಹಾಡುಗಾರ ಸಣ್ಣವನಿದ್ದಾಗಲೇ ತಾಯಿ ಸತ್ತಿದ್ದಳು, ಅವನ ಅತ್ಯಂತ ದೊಡ್ಡ ಹಾಡು ಅದರಿಂದಲೇ ಹುಟ್ಟಿತು, ನೋವಿಲ್ಲದೆ ಹಾಡಿಲ್ಲ ಎಂದು ಇಪ್ಪತ್ತು ಪುಟ ಬರೆದಿತ್ತು. ನಾನು ಚಿಂತೆಗೆ ಬಿದ್ದೆ. ನಮ್ಮ ನಾಲ್ವರ ತಾಯಂದಿರೂ ಗಟ್ಟಿಮುಟ್ಟಾಗಿದ್ದರು. ಬ್ಯಾಂಡಿಗೆ ಇದಕ್ಕಿಂತ ದೊಡ್ಡ ಕೊರತೆ ಇಲ್ಲ ಎಂದು ನನಗೆ ಪ್ರಾಮಾಣಿಕವಾಗಿ ಅನಿಸಿತು. ಗೆಳೆಯನ ಅಪ್ಪ ತೀರಿದ್ದರು ನಿಜ, ಆದರೆ ಕಾಮಾಲೆಯನ್ನು ರಾಗಕ್ಕೆ ಕೂರಿಸುವುದು ಹೇಗೆ? ಉಳಿದದ್ದು ಒಂದೇ ದಾರಿ. ನನ್ನ ತಾಯಿಯನ್ನು ಕೊಲ್ಲಲು ಮನಸ್ಸಾಗಲಿಲ್ಲ, ಹೇಗೂ ಅವರಿಗೆ ಸಮುದ್ರದ ಕಡೆ ಹೋಗುವ ಅಭ್ಯಾಸವೂ ಇರಲಿಲ್ಲ. ಗೆಳೆಯನ ತಾಯಿಯಾದರೆ ಬುಟ್ಟಿ ಇತ್ತು, ಕಡಲು ಇತ್ತು, ಕೆಂಪಂಚಿನ ಸೀರೆ ಇತ್ತು. ಹಾಡಿಗೆ ಬೇಕಾದ ಸಾಮಾನೆಲ್ಲ ಒಂದೇ ಮನೆಯಲ್ಲಿ ಸಿಕ್ಕಿತು.

ಮೊದಲ ಎರಡು ಚರಣ ಕೊಟ್ಟೆ. ಅವುಗಳಲ್ಲಿ 'ಜನನಿ', 'ಕಡಲೊಡಲು' ಎಂದೆಲ್ಲ ಇತ್ತು. ಅವನು ಅರ್ಥದ ಗೊಡವೆಗೆ ಹೋಗದೆ ರಾಗ ಕಟ್ಟಿದ, ರಾಗ ನನ್ನ ಮಾತಿಗಿಂತ ಎಷ್ಟೋ ಮೇಲಿತ್ತು. ಮೂರನೇ ಚರಣವನ್ನು ನಾನು ಮುಚ್ಚಿಟ್ಟುಕೊಂಡೆ. ಕೊನೆಯ ಸಾಲುಗಳನ್ನು ಹಾಡುಗಾರನಿಗೆ ಕೊನೆಯ ಗಳಿಗೆಯಲ್ಲಿ ಕೊಟ್ಟರೆ ಅವನ ದನಿಯಲ್ಲಿ ಹಸಿ ಭಾವ ಹೊಮ್ಮುತ್ತದೆ ಎಂದು ಪುಸ್ತಕದಲ್ಲಿತ್ತು. ನಾನು ಪುಸ್ತಕ ಮೀರುವವನಲ್ಲ.

ಕಾರ್ಯಕ್ರಮ ಸಿಕ್ಕಿದ್ದು ಸಾಲಿಗ್ರಾಮದಲ್ಲಿ, ಜುಲೈ ಕೊನೆಯ ಒಂದು ಭಾನುವಾರ ಮಧ್ಯಾಹ್ನ. ಡ್ರಮ್ಸಿನವನ ಭಾವ ಅಲ್ಲಿಯ ಯುವಕ ಮಂಡಲದ ಕಾರ್ಯದರ್ಶಿ. ಮಳೆಗಾಲದಲ್ಲಿ ಬಯಲಾಟ ಇಲ್ಲವಲ್ಲ, ಅದಕ್ಕೆ ಸಭಾಭವನದಲ್ಲಿ ತಾಳಮದ್ದಳೆ ಇಟ್ಟಿದ್ದರು. ಅದು ಶುರುವಾಗುವ ಮೊದಲಿನ ಅರ್ಧ ಗಂಟೆಯನ್ನು ನಮಗೆ ಕೊಟ್ಟರು. ಕುಂದಾಪುರದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟು, ಸ್ವಂತ ಕ್ಯಾಸೆಟ್‌ಗಳನ್ನೂ ಹೊರತರುವ ಒಬ್ಬರು ಬರುತ್ತಾರೆ ಎಂದು ಭಾವ ಹೇಳಿದ್ದರು. ಗೆಳೆಯ ಅಂದು ಮೊದಲ ಸಲ ಷರಟಿಗೆ ಇಸ್ತ್ರಿ ಹಾಕಿಸಿದ್ದ. ಮಗನ ಸ್ವಂತ ಹಾಡು ಎಂದು ಅವನ ತಾಯಿಯೂ ಬಸ್ಸು ಹತ್ತಿ ಬಂದು ಎರಡನೇ ಸಾಲಿನಲ್ಲಿ ಕೂತಿದ್ದರು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದರು, ಅದರ ಅಂಚು ಕೆಂಪು.

ವೇದಿಕೆ ಹತ್ತುವಾಗ ನಾನು ಚೀಟಿ ಕೊಟ್ಟೆ. ಹಾಡು ಶುರುವಾಯಿತು. ಎದುರಿಗೆ ಕೂತ ಹಿರಿಯರು ಎಲೆ ಅಡಿಕೆ ಜಗಿಯುತ್ತ, ಮಳೆ ಬಂದರೆ ಹೇಗೆ ಸಹಿಸಿಕೊಳ್ಳುತ್ತಾರೋ ಹಾಗೆ ನಮ್ಮನ್ನು ಸಹಿಸಿಕೊಂಡರು. ಮೂರನೇ ಚರಣಕ್ಕೆ ಅವನು ಚೀಟಿ ಬಿಡಿಸಿ ನೋಡಿಕೊಂಡು ಹಾಡಿದ:

ಕೆಂಪಂಚಿನ ಸೀರೆ ತೆರೆಯಲ್ಲಿ ತೇಲಿತು,
ಬುಟ್ಟಿ ದಡಕೆ ಬಂತು, ಅಬ್ಬಿ ಬರಲಿಲ್ಲ.

ಮೊದಲ ಸಾಲಿಗೆ ಅವನ ಕಣ್ಣು ಎರಡನೇ ಸಾಲಿನ ಕುರ್ಚಿಗಳ ಕಡೆ ಹೋಯಿತು. ಹಾಡಿನ ಎರಡನೇ ಸಾಲಿನ ಕೊನೆಗೆ ದನಿ ನಿಂತಿತು. ಪುಸ್ತಕ ಹೇಳಿದ ಹಸಿ ಭಾವ ಇದೇ ಎಂದುಕೊಂಡು ನಾನು ಗಿಟಾರನ್ನು ಜೋರಾಗಿ ಬಾರಿಸಿದೆ. ಆ ಸದ್ದಿನ ನಡುವೆಯೂ ಸಭೆಯ ಹಿಂದಿನಿಂದ ಒಬ್ಬ ಹೆಂಗಸಿನ ಮಾತು ಕೇಳಿಸಿತು.

"ಹ್ವಾಯ್, ಇವ್ನ ಅಬ್ಬಿ ಇಲ್ಲೇ ಕೂಕಂಡಿದ್ರಲೆ! ಎಂತ ಹಾಡ್ ಇದ್?"

ನಾವು ವಾದ್ಯ ನಿಲ್ಲಿಸಿ ಚಪ್ಪಾಳೆಗೆ ಕಾದೆವು. ಚಪ್ಪಾಳೆ ಬರಲಿಲ್ಲ. ಜನ ಸುಮ್ಮನೆ ನಮ್ಮನ್ನೇ ನೋಡುತ್ತ ಕೂತರು. ತಾಳಮದ್ದಳೆಗೆ ಬಂದವರು ಅವರು. ಅಲ್ಲಿ ಭಾಗವತರು ಪದ್ಯ ಹೇಳಿದ ಮೇಲೆ ಅರ್ಥಧಾರಿ ಆ ಪದ್ಯದ ಅರ್ಥವನ್ನು ಮಾತಿನಲ್ಲಿ ಬಿಡಿಸಬೇಕು, ಪದ್ಯ ಅರ್ಧ ಮಾತ್ರ, ಅರ್ಥ ಆದಮೇಲೇ ಪೂರ್ತಿ. ಇದನ್ನು ಯಾವ ಜೀವನಚರಿತ್ರೆಯೂ ನನಗೆ ಹೇಳಿರಲಿಲ್ಲ. ಮುಂದಿನ ಸಾಲಿನ ಒಬ್ಬ ಅಜ್ಜ ಕೈಯೆತ್ತಿ, "ಪದ್ಯ ಆಯ್ತಲೆ. ಅರ್ಥ ಯಾರ್ ಹೇಳುದ್?" ಎಂದು ಕೇಳಿದರು.

ನಾನು ಮೈಕಿನ ಮುಂದೆ ಹೋದೆ. ಸೀರೆ ಎಂದರೆ ನಾಗರಿಕತೆಯ ಪ್ರತೀಕ, ಬುಟ್ಟಿ ಎಂದರೆ ಬರಿದಾದ ಆಧುನಿಕ ಮನಸ್ಸು ಎಂದೇನೋ ಎರಡು ನಿಮಿಷ ಹೇಳಿದೆ. ಅಜ್ಜ ನನ್ನನ್ನು ಕೈಸನ್ನೆಯಲ್ಲೇ ಕೂರಿಸಿದರು.

"ನೀವ್ ಕೂಕಣಿ. ಹಾಡಿದವ್ರ್ ಹೇಳ್ಲಿ."

ಗೆಳೆಯ ಚೀಟಿಯನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಮಾತಾಡಿದ, ನಾವು ಬಸ್ಸಿನಲ್ಲಿ ಮಾತಾಡುವ ಹಾಗೆಯೇ.

"ಈ ಪದ್ಯದಗ್ ಇಪ್ಪುದ್ ನನ್ ಅಬ್ಬಿ. ಆರೆ ಅವ್ಳ್ ಸಾಯ್ಲಿಲ್ಲೆ, ಕಾಣಿ, ಅಲ್ಲೇ ಕೂಕಂಡಿದ್ಲ್. ಅವ್ಳಿಗೆ ಸಮುದ್ರಕ್ ಬೀಳುಕೆ ಪುರ್ಸೊತ್ತೇ ಇಲ್ಲೆ. ಬೆಳಿಗ್ಗೆ ಫಸ್ಟ್ ಬಸ್ಸಿಗ್ ಹೋಯ್ಕ್. ಕಂಡಕ್ಟರ, 'ಬುಟ್ಟಿ ಮೇಲ್ ಹಾಕ್' ಅಂತ. ಇವ್ಳ್, 'ನೀನೇ ಮೇಲ್ ಹತ್ತಿ ಕೂಕೊ. ನಿಂಗ್ ಗಾಳಿ ಬೇಕ್, ಮೀನಿಗ್ ನೆರಳ್ ಬೇಕ್' ಅಂತ್ಲ್."

ಸಭೆ ಗೊಳ್ಳೆಂದು ನಕ್ಕಿತು. ಅವನು ನಗು ನಿಲ್ಲುವವರೆಗೆ ಕಾದ. ಹೀಗೆ ಕಾಯುವುದನ್ನು ಅವನಿಗೆ ಯಾರು ಕಲಿಸಿದ್ದರೋ, ನಾನಂತೂ ಅಲ್ಲ.

"ಅಪ್ಪ ಹೋದತಿಗೆ ಅವ್ಳ್ ಮರ್ಕ್ಲಿಲ್ಲೆ. ಸೂತಕದ ದಿನ ಎಲ್ಲ ಕಳ್ದ್ ಮೇಲೆ ಬುಟ್ಟಿ ತಕಂಡ್ ಹೊರಟ್ಲ್. ಅವತ್ ಬಂಗ್ಡಿ ಮೀನ್ ತಕಂಬುಕೆ ಬಂದವ್ರ್ ಒಬ್ರೂ ಚೌಕಾಸಿ ಮಾಡ್ಲಿಲ್ಲೆ. ಹೇಳಿದ್ ಕ್ರಯ ಕೊಟ್ಟ್, ತಲಿ ತಗ್ಸ್ಕಂಡ್ ಹೋದ್ರ್. ಬೇಗ ಬುಟ್ಟಿ ಖಾಲಿ ಆಯ್ತ್. ಮನೆಗ್ ಬಂದ್ ಅಂಗಳದಗ್ ಕೂಕಂಡ್ ಮರ್ಕಿದ್ಲ್. ನಾ ಕಂಡದ್ ಅದ್ ಒಂದೇ ಸಲ."

ಈ ಸಲ ಯಾರೂ ನಗಲಿಲ್ಲ. ಆಕೆ ಅತ್ತ ಆ ಒಂದು ದಿನದ ಸಂಗತಿಯನ್ನು ಅವನು ನನಗೆ ಹೇಳಿರಲಿಲ್ಲ. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತಿದ್ದೆ, ಅವರ ಮನೆಯಲ್ಲಿ ಎಷ್ಟೋ ಸಲ ಮೀನಿನೂಟ ಉಂಡಿದ್ದೆ, ಆಕೆಯ ಬಗ್ಗೆ ಮೂರು ಚರಣ ಬರೆದಿದ್ದೆ. ನನಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೆ ಹೊಟ್ಟೆಕಿಚ್ಚೂ ಇತ್ತು, ಸುಳ್ಳು ಹೇಳುವುದಿಲ್ಲ. ಚಪ್ಪಾಳೆ ಈಗ ಬಂತು, ಬಹಳ ಹೊತ್ತು ಬಂತು. ಅವನ ತಾಯಿ ನೇರವಾಗಿ ಕೂತು, ಸೀರೆಯ ಅಂಚನ್ನು ಮಡಿಲಲ್ಲಿ ಒಳಮಡಿಸಿಕೊಂಡರು. ತಾಳಮದ್ದಳೆ ಕೇಳಲು ನಿಲ್ಲಲಿಲ್ಲ. ಪಕ್ಕದಲ್ಲಿದ್ದ ನನ್ನನ್ನು ಬಿಟ್ಟು ಡ್ರಮ್ಸಿನವನನ್ನು ಕರೆದು ತಲ್ಲೂರಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿ ಹೊರಟುಹೋದರು.

ಸಭಾಭವನದ ಹಿಂದೆ ಚಹಾ ಕೊಡುವಲ್ಲಿ ಕ್ಯಾಸೆಟ್ ಅಂಗಡಿಯವರು ನಮ್ಮನ್ನು ಹಿಡಿದರು. ನಮ್ಮನ್ನು ಎಂದರೆ ಅವನನ್ನು.

"ಹಾಡ್ ಬ್ಯಾಡ ಮಾರಾಯ, ಹಾಡುವರ್ ಸುಮಾರ್ ಜನ ಇದ್ರ್. ನೀ ಮಾತಾಡ್. ಕ್ಯಾಸೆಟ್ಟಿನ ಎರಡ್ ಸೈಡೂ ಮಾತಾಡ್. ಅಬ್ಬೀದೇ ಇರ್ಲಿ, ಕಂಡಕ್ಟರಂದ್ ಇರ್ಲಿ. ಜನ ಬಿದ್ದ್ ನೆಗಾಡ್ತ್ರ್. ಇದ್ ಓಡಿರೆ ಇನ್ನೂ ನಾಲ್ಕ್ ಮಾಡ್ವ."

"ಒಂದ್ ಹಾಡಾರೂ ಹಾಕ್ಲಕ್ಕಾ?" ಎಂದು ಗೆಳೆಯ ಕೇಳಿದ.

"ಹಾಡ್ ಹಾಕಿರೆ ಜನ ಟೇಪ್ ಮುಂದ್ ಓಡ್ಸ್ತ್ರ್" ಎಂದರು ಅವರು.

ಬೋಟು ನೀರಿಗಿಳಿಯಲು ಹತ್ತು ದಿನವೂ ಇರಲಿಲ್ಲ. ತಾಯಿ ಹೇಳಿದ ಮಾತಿನ ಪ್ರಕಾರ ಇದು ಕರೆದು ಕೊಟ್ಟ ಕೆಲಸವೇ, ಒಪ್ಪಿಕೊಂಡಿದ್ದರೆ ಅವನು ದಡದಲ್ಲೇ ಉಳಿಯುತ್ತಿದ್ದ. ವಾಪಸು ಬರುವ ಬಸ್ಸಿನಲ್ಲಿ ನಾನು ದಾರಿಯುದ್ದಕ್ಕೂ ಅವನ ತಲೆ ತಿಂದೆ. ಪುಸ್ತಕದ ಬ್ಯಾಂಡಿನವರೂ ಮೊದಲು ಬೇಡದ ಹಾಡುಗಳನ್ನು ಹಾಡಿಯೇ ಮೇಲೆ ಬಂದರು, ನಾಲ್ಕನೇ ಅಧ್ಯಾಯದಲ್ಲಿದೆ ಎಂದೆ. ಬಸ್ಸಿನ ಟೇಪಿನಲ್ಲಿ ಯಾವುದೋ ಹಾಸ್ಯದ ಕ್ಯಾಸೆಟ್ ಹಾಕಿದ್ದರು, ಜನ ನಗುತ್ತಿದ್ದರು. ಅವನು ಡ್ರೈವರನ ತಲೆಯ ಮೇಲಿದ್ದ ಸ್ಪೀಕರನ್ನು ತೋರಿಸಿದ.

"ನಾಳೆ ನನ್ ಕ್ಯಾಸೆಟ್ ಇದ್ರಗೇ ಹಾಕ್ತ್ರ್ ಅಲ್ದಾ? ಫಸ್ಟ್ ಬಸ್ಸಗೂ ಹಾಕ್ತ್ರ್. ಅಬ್ಬಿ ಬುಟ್ಟಿ ಹಿಡ್ಕಂಡ್ ಅದೇ ಬಸ್ಸಗ್ ಕೂಕಂಡಿರ್ತ್ಲ್. ಎಲ್ರೂ ಅವ್ಳ್ ಮುಖ ಕಂಡ್ ನೆಗಾಡ್ತ್ರ್. ದಿನಾ."

ಇದಕ್ಕೆ ಪುಸ್ತಕದ ಯಾವ ಅಧ್ಯಾಯದಲ್ಲೂ ಉತ್ತರ ಇರಲಿಲ್ಲ. "ಹಂಗಾರೆ ಎಂತ ಮಾಡ್ತೆ?" ಎಂದೆ. ಅವನು ತಲ್ಲೂರಿನಲ್ಲಿ ಇಳಿದುಕೊಂಡ.

ಆಗಸ್ಟಿನಲ್ಲಿ ಅವನು ಮಾವನ ಬೋಟು ಹತ್ತಿದ. ಅಂದು ಬೆಳಿಗ್ಗೆ ನಾನು ಗಂಗೊಳ್ಳಿಯ ಬಂದರಿಗೆ ಹೋಗಿದ್ದೆ. ಹೇಳಬೇಕಾದದ್ದು ತಪ್ಪಾಯಿತು ಎನ್ನುವ ಒಂದೇ ಮಾತು. ನಾನೋ ಹಾಡು ಬರೆಯುವವ, ಅಷ್ಟು ಸುಲಭದ ಮಾತು ನನ್ನ ಬಾಯಿಗೆ ಬರುತ್ತದೆಯೇ? ಬಲೆ, ಐಸು, ಡೀಸೆಲ್ ವಾಸನೆಯ ನಡುವೆ ನಿಂತು, "ಬ್ಯಾಂಡ್ ಬಿಡುದ್ ಬ್ಯಾಡ ಮಾರಾಯ. ಬಪ್ಪ ಮಳಿಗಾಲಕ್ ನಾ ಇನ್ನೊಂದ್ ಹಾಡ್ ಬರಿತೆ" ಎಂದೆ.

ಅವನು ಹಗ್ಗ ಸುತ್ತುತ್ತಿದ್ದ. ತಲೆ ಎತ್ತದೆ, ಸಿಟ್ಟೂ ಇಲ್ಲದೆ ಹೇಳಿದ.

"ಬರಿ. ಈ ಸಲ ನಿನ್ ಅಪ್ಪಯ್ಯನ್ನ ಕೊಲ್ಲ್."

ನಾನು ತಮಾಷೆ ಎಂದುಕೊಂಡು ನಕ್ಕೆ. ಅವನು ನಗಲಿಲ್ಲ. ಮಾವ ಕರೆದರು, ಅವನು ಒಳಗೆ ಹೋದ.

ಮನೆಗೆ ಬಂದಾಗ ಅಪ್ಪಯ್ಯ ಚಾವಡಿಯಲ್ಲಿ ಕೂತು ಪೇಪರು ಓದುತ್ತಿದ್ದರು. ನನ್ನ ಹಟ ಎಂಥದ್ದು ಎಂದರೆ, ಆಗಲಿ, ನೋಡಿಯೇಬಿಡೋಣ ಎಂದು ಆ ವಾರವೇ ಹೊಸ ನೋಟುಬುಕ್ ಬಿಡಿಸಿ ಅಪ್ಪಯ್ಯನ ಬಗ್ಗೆ ಬರೆಯಲು ಕೂತೆ. ಗೆಳೆಯನ ತಾಯಿಯನ್ನು ಮುಳುಗಿಸಲು ನನಗೆ ಒಂದು ಮಧ್ಯಾಹ್ನ ಸಾಕಾಗಿತ್ತು. ಅಪ್ಪಯ್ಯ ಇದ್ದ ಹಾಗೆಯೇ ಇರಲಿ ಎಂದುಕೊಂಡರೂ ಒಂದು ಸಾಲು ಬರಲಿಲ್ಲ. ಮುಂಬಯಿಗೆ ಅವರು ಯಾರ ಜೊತೆ ಹೋದರು, ಮೊದಲ ರಾತ್ರಿ ಎಲ್ಲಿ ಮಲಗಿದರು, ಮೂವತ್ತು ವರ್ಷ ಬೇರೆಯವರಿಗೆ ಊಟ ಬಡಿಸಿದ ಮನುಷ್ಯ ತಾನು ಎಷ್ಟು ಹೊತ್ತಿಗೆ ಉಣ್ಣುತ್ತಿದ್ದ, ನನಗೆ ಯಾವುದೂ ಗೊತ್ತಿರಲಿಲ್ಲ. ಎದುರಿಗೇ ಕೂತಿದ್ದರು. ಅವರ ಹತ್ತಿರ ನಾನು ಆಡುತ್ತಿದ್ದ ಮಾತು ಪೇಪರು ಕೊಡಿ, ಸೈಕಲ್ ಕೀಲಿ ಎಲ್ಲಿ ಎನ್ನುವಷ್ಟೇ.

ಬ್ಯಾಂಡು ಹಾಗೆಯೇ ಕರಗಿಹೋಯಿತು. ಡ್ರಮ್ಸಿನವನು ಚಂಡೆಗೆ ಮರಳಿದ, ಈಗ ಅವನೇ ನಾಲ್ಕು ಜನರಿಗೆ ಬೈಯುವ ಗುರು. ಕೀಬೋರ್ಡಿನವನು ದುಬೈಗೆ ಹೋದ. ನಾನು ಕುಂದಾಪುರದಲ್ಲಿ ಹೋಟೆಲು ಇಟ್ಟು, ಗಲ್ಲಾಪೆಟ್ಟಿಗೆಯ ಮುಂದೆ ಕೂತು, ಬಂದವರಿಗೆಲ್ಲ ನಾನೊಬ್ಬ ಮಾಜಿ ರಾಕ್ ಕವಿ ಎಂದು ಹೇಳುತ್ತ ಹೊಟ್ಟೆ ಬೆಳೆಸಿದೆ. ಗೆಳೆಯ ಬೋಟಿನಲ್ಲೇ ಬೆಳೆದು, ಮಾವನ ಬೋಟಿಗೆ ಪಾಲುದಾರನಾದ. ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡುತ್ತಿದ್ದ. ಹಾಡಿನ ಸುದ್ದಿ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮೊಬೈಲಿನಲ್ಲಿ ಎಲ್ಲವೂ ಸಿಗುವ ಕಾಲ ಬಂದ ಮೇಲೆ ಒಂದು ದಿನ ಏಳನೇ ಅಧ್ಯಾಯದ ಆ ಮಹಾ ಶೋಕಗೀತೆಯನ್ನು ಹುಡುಕಿ ಕೇಳಿದೆ. ಹೋಟೆಲಿನ ಮಾಣಿ ಅದಕ್ಕೆ ತಾಳ ಹಾಕುತ್ತ ಲೋಟ ತೊಳೆದ. ಹಾಡಿನ ತುಂಬ ತಾಯಿ ಅಡುಗೆ ಮನೆಯಲ್ಲಿ ಏನೋ ಬೈಯುತ್ತಿದ್ದಳು, ಬಾಗಿಲು ಹಾಕು ಎನ್ನುತ್ತಿದ್ದಳು. ಸಾವಿನ ಮಾತೇ ಅದರಲ್ಲಿರಲಿಲ್ಲ.

೨೦೧೨ರ ಬೇಸಿಗೆಯಲ್ಲಿ ಅಪ್ಪಯ್ಯ ತೀರಿಕೊಂಡರು. ಉತ್ತರಕ್ರಿಯೆಯ ದಿನ ಸಣ್ಣ ನುಡಿನಮನ ಇಡೋಣ, ನೀನು ಹೇಗೂ ಹಾಡು ಬರೆದವ, ಎರಡು ಮಾತು ಬರೆದು ಓದು ಎಂದು ಅಣ್ಣ ಹೇಳಿದ. ಮೂರು ದಿನ ಕೂತೆ. ಜನನ, ಶ್ರಮಜೀವಿ, ಸಜ್ಜನ ಎಂದು ಯಾರ ಹೆಸರಿಗಾದರೂ ಹೊಂದುವ ಆರು ವಾಕ್ಯ ಬಂದವು. ಅವನ್ನೇ ಓದಿದೆ. ಓದುವಾಗ ಅಳು ಬಂತು, ಕೂತವರು ತಂದೆಯ ನೆನಪಿಗೆ ಎಂದುಕೊಂಡರು.

ಊಟಕ್ಕೆ ಎಲೆ ಹಾಕುವಾಗ ಗೆಳೆಯ ಕಂಡ. ಬೋಟಿನಿಂದ ಇಳಿದವನೇ ಬಂದಿದ್ದ, ಜೊತೆಗೆ ಅವನ ತಾಯಿ. ಆಕೆ ಒಳಗೆ ನನ್ನ ಅಮ್ಮನ ಹತ್ತಿರ ಹೋದರು. ನಾನು ಅವನ ಕೈ ಹಿಡಿದುಕೊಂಡೆ. ಹದಿಮೂರು ವರ್ಷದಿಂದ ಹೇಳದೆ ಉಳಿದದ್ದು ಆಗ ಅಳುವಿನ ಜೊತೆ ಹೊರಗೆ ಬಂತು.

"ಅಂದ್ ನಾ ಮಾಡಿದ್ ತಪ್ಪ್ ಮಾರಾಯ. ಅಪ್ಪಯ್ಯನ ಬಗ್ಗೆ ಎಷ್ಟ್ ವರ್ಷ ಕೂತ್ರೂ ನಂಗ್ ಒಂದ್ ಸಾಲ್ ಬರೂಕಾಯ್ಲಿಲ್ಲೆ."

ಸಾಲಿಗ್ರಾಮದಲ್ಲಿ ನಗು ನಿಲ್ಲಲಿ ಎಂದು ಕಾದವನು, ಇಲ್ಲಿ ನನ್ನ ಅಳು ನಿಲ್ಲಲಿ ಎಂದು ಕಾದ.

"ಬದ್ಕಿಪ್ಪತಿಗೆ ಅವ್ರ್ ಹತ್ರವೇ ಕೇಣ್ಕಿತ್ತ್" ಎಂದ.

ಅಷ್ಟು ಹೇಳಿ ಎಲೆಯ ಮುಂದೆ ಕೂತ. ನಾನು ಅನ್ನದ ಪಾತ್ರೆ ಎತ್ತಿಕೊಂಡು ಅವನ ಸಾಲಿನಿಂದ ಬಡಿಸಲು ಶುರುಮಾಡಿದೆ.